ಫೋಟೋದ ಹೊರಗೆ ನಿಂತ ದನಗಳು

ಜುಲೈ ಬಂತೆಂದರೆ ಬೆಂಗಳೂರಿನ ಪ್ರವಾಸಿ ಕಂಪನಿಗಳ ಜಾಹೀರಾತುಗಳಲ್ಲಿ ಪೂರ್ವ ಆಫ್ರಿಕಾದ ಮಾರಾ ನದಿ ಹರಿಯತೊಡಗುತ್ತದೆ. ಮೊಸಳೆ, ಧೂಳು, ದಡದಿಂದ ಧುಮುಕುವ ವಿಲ್ಡೆಬೀಸ್ಟ್ ಹಿಂಡು, ಕೆಳಗೆ ಮನುಷ್ಯ ಮುಟ್ಟದ ಆಫ್ರಿಕಾ ಎಂಬ ಧಾಟಿಯ ಒಂದು ಸಾಲು. ಹೋಗಿ ಬಂದವರ ಕಥನಗಳೂ ಅದೇ ರಾಗ ಹಾಡುತ್ತವೆ: ಸೃಷ್ಟಿಯ ಮೊದಲ ದಿನ ಹೇಗಿತ್ತೋ ಈಗಲೂ ಹಾಗೇ ಇದೆ, ಮನುಷ್ಯ ಕೈಯಾಡಿಸದಿದ್ದರೆ ಮುಂದೆಯೂ ಹಾಗೇ ಇರುತ್ತದೆ. ಕೇಳಲು ಎಷ್ಟು ಹಿತವೋ ಅಷ್ಟೇ ಸುಳ್ಳು. ಆ ಹಿಂಡು ಇಂದು ಅಷ್ಟು ದೊಡ್ಡದಾಗಿರುವುದರಲ್ಲಿ ದನಗಳಿಗೆ ಹಾಕಿದ ಲಸಿಕೆಗೆ ಬಹಳ ದೊಡ್ಡ ಪಾಲಿದೆ.

ರಿಂಡರ್‌ಪೆಸ್ಟ್ ಎಂದು ಪಶುವೈದ್ಯರು ಕರೆಯುವ ದೊಡ್ಡರೋಗ 1880ರ ದಶಕದ ಕೊನೆಯಲ್ಲಿ ಆಫ್ರಿಕಾದ ಈಶಾನ್ಯ ಕರಾವಳಿ ಹೊಕ್ಕಿತು, ಹತ್ತು ವರ್ಷದೊಳಗೆ ಖಂಡದ ದಕ್ಷಿಣ ತುದಿ ಮುಟ್ಟಿತು. ಅಲ್ಲಿನ ಪಶುಪಾಲಕ ಸಮುದಾಯವಾದ ಮಸಾಯಿಗಳ ದನಗಳಲ್ಲಿ ಬಹುಪಾಲು ಸತ್ತವು. ಕಾಡೆಮ್ಮೆ, ವಿಲ್ಡೆಬೀಸ್ಟ್‌ಗಳನ್ನೂ ರೋಗ ಬಿಡಲಿಲ್ಲ. ಹಾಲನ್ನೇ ನಂಬಿ ಬದುಕಿದ ಜನ ಹಸಿವಿನಿಂದ ಸತ್ತರು, ಉಳಿದವರಲ್ಲಿ ಅನೇಕರನ್ನು ಸಿಡುಬು ಒಯ್ದಿತು. 1892ರಲ್ಲಿ ಗೊರೊಂಗೊರೊ ಕುಳಿಗೆ ಬಂದ ಆಸ್ಟ್ರಿಯಾದ ಅನ್ವೇಷಕ ಆಸ್ಕರ್ ಬೌಮನ್‌ಗೆ ಎದುರಾದದ್ದು ಎಲುಬಿನ ಹಂದರವಾಗಿದ್ದ ಮಸಾಯಿ ಹೆಂಗಸರು. ಮೇಯಲು ದನವಿಲ್ಲ, ಹುಲ್ಲಿಗೆ ಬೆಂಕಿ ಹಾಕಲು ಜನವಿಲ್ಲ. ಬಯಲಿನಲ್ಲಿ ಪೊದೆ ಎದ್ದಿತು, ಪೊದೆಯೊಡನೆ ನಿದ್ರಾರೋಗ ಹರಡುವ ತ್ಸೆತ್ಸೆ ನೊಣ ಹಬ್ಬಿತು. ಆಮೇಲೆ ಬಂದ ವಸಾಹತು ಅಧಿಕಾರಿಗಳು ಈ ನಿರ್ಜನ ಬಯಲನ್ನೇ ನೆಲದ ಮೂಲಸ್ಥಿತಿ ಎಂದುಕೊಂಡರು. ಪ್ಲೇಗಿನಲ್ಲಿ ಊರು ಬಿಟ್ಟವರ ಮನೆ ಕಂಡು ಇಲ್ಲಿ ಯಾರೂ ಒಕ್ಕಲೇ ಇರಲಿಲ್ಲ ಎಂದ ಹಾಗಾಯಿತು ಇದು.

ಈ ಹಿಂಡು ಓಡಾಡುವ ತಾಂಜಾನಿಯಾದ ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಹಾಕುತ್ತ ಬಂದದ್ದರಿಂದ 1960ರ ದಶಕದ ಆರಂಭದ ಹೊತ್ತಿಗೆ ವಿಲ್ಡೆಬೀಸ್ಟ್‌ಗಳಲ್ಲೂ ರೋಗ ನಿಂತಿತು. ಕಾಡುಪ್ರಾಣಿಗಳಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ. ರೋಗ ಉಳಿದಿದ್ದದ್ದು ದನಗಳಲ್ಲಿ, ಅಲ್ಲಿ ತಡೆದದ್ದಕ್ಕೆ ಇಲ್ಲಿ ವರ್ಷದ ಕರುಗಳು ಬದುಕಿದವು. 1961ರಲ್ಲಿ ಎರಡೂವರೆ ಲಕ್ಷದ ಆಸುಪಾಸಿದ್ದ ಸಂಖ್ಯೆ 1977ರ ವೇಳೆಗೆ 13 ಲಕ್ಷ ದಾಟಿತು. ಅಷ್ಟು ಬಾಯಿಗಳು ಹುಲ್ಲು ಮೇಯ್ದ ಮೇಲೆ ಕಾಳ್ಗಿಚ್ಚಿಗೆ ಉರಿಯಲು ಉಳಿದದ್ದು ಕಡಿಮೆ. ಬೆಂಕಿ ತಗ್ಗಿದಲ್ಲಿ ಮರಗಳೂ ಹೆಚ್ಚಿದವು. ನಮ್ಮವರು ಅನಾದಿ ಎಂದು ಕ್ಯಾಮೆರಾ ತಿರುಗಿಸುವ ನೋಟದ ಈ ಗಾತ್ರಕ್ಕೆ ಇನ್ನೂ ನೂರು ವರ್ಷವೂ ಆಗಿಲ್ಲ. (ದೊಡ್ಡರೋಗ ನಮಗೂ ಹೊಸದಲ್ಲ. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಟಿಗಳು ಇದಕ್ಕೇ ಗುಂಪುಗುಂಪಾಗಿ ಸತ್ತವು. ಲೋಕದಿಂದ ಅದು ತೊಲಗಿತೆಂದು ಘೋಷಿಸಿದ್ದು 2011ರಲ್ಲಿ.)

ನದಿ ದಾಟುವ ದೃಶ್ಯಕ್ಕಿಂತ ನನಗೆ ಹೆಚ್ಚು ಕುತೂಹಲವಿರುವುದು ಫೆಬ್ರುವರಿಯಲ್ಲಿ ಸೆರೆಂಗೆಟಿಯ ದಕ್ಷಿಣ ಅಂಚಿನ ಎನ್‌ಡುಟು ಬಯಲಿನಲ್ಲಿ. ಜ್ವಾಲಾಮುಖಿಯ ಬೂದಿ ಬಿದ್ದ ನೆಲ, ಗಿಡ್ಡ ಹುಲ್ಲು, ಆ ಹುಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಧಾರಾಳ. ಹಿಂಡಿನ ಹೆಚ್ಚಿನ ಹೆಣ್ಣುಗಳು ಇಲ್ಲಿ ಎರಡು ಮೂರು ವಾರಗಳಲ್ಲಿ ಈಯುತ್ತವೆ. ಕರು ಬಿದ್ದ ಕೆಲವೇ ನಿಮಿಷಗಳಲ್ಲಿ ಎದ್ದು, ಕಾಲು ಅದುರಿಸಿಕೊಂಡೇ ತಾಯಿಯ ಹಿಂದೆ ಓಡುತ್ತದೆ. ಅದರ ಮೂಗು, ಕಣ್ಣಿನ ಸ್ರಾವದಲ್ಲಿ ಒಂದು ವೈರಸ್ ಇರುತ್ತದೆ. ವಿಲ್ಡೆಬೀಸ್ಟ್‌ಗೆ ಅದರಿಂದ ಏನೂ ಆಗದು, ದನಕ್ಕೆ ತಗುಲಿದರೆ ಉಳಿಗಾಲವಿಲ್ಲ. ಇದು ಮಸಾಯಿಗಳಿಗೆ ಪ್ರಯೋಗಾಲಯಗಳಿಗಿಂತ ಮೊದಲೇ ಗೊತ್ತು. ಹಾಗಾಗಿ ವರ್ಷದ ಅತ್ಯುತ್ತಮ ಹುಲ್ಲು ಕಣ್ಣೆದುರೇ ಇದ್ದರೂ ದನಗಳನ್ನು ಹೊಡೆದುಕೊಂಡು ಎತ್ತರದ ಇಳಿಜಾರುಗಳಿಗೆ ಹೋಗುತ್ತಿದ್ದರು, ಕರುಗಳು ಬೆಳೆದ ಮೇಲೆ ಕೆಳಗಿಳಿಯುತ್ತಿದ್ದರು. ಇದರಲ್ಲಿ ದಯೆಯೇನೂ ಇಲ್ಲ, ತಮ್ಮ ದನ ಉಳಿಸಿಕೊಳ್ಳುವ ಲೆಕ್ಕಾಚಾರ. ಆದರೆ ಹುಲ್ಲನ್ನು ಎರಡು ಜಾತಿಯ ಹಿಂಡುಗಳಿಗೆ ಋತುಮಾನದ ಪ್ರಕಾರ ಹಂಚಿದ ಈ ಏರ್ಪಾಡಿಗೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಾಗಲಿಲ್ಲ. ಕೆನ್ಯಾದ ನೈಋತ್ಯದಲ್ಲಿ ಇನ್ನೂ ಹಳೆಯ ಗುರುತುಗಳಿವೆ. ಸಾವಿರಾರು ವರ್ಷಗಳ ಹಿಂದೆ ದನ ಕೂಡಿದ್ದ ದೊಡ್ಡಿಗಳ ಸಗಣಿಯ ಸಾರದಿಂದ ಇಂದಿಗೂ ಹಸಿರಾಗಿರುವ ತುಂಡುಗಳನ್ನು 2018ರಲ್ಲಿ ಸಂಶೋಧಕರು ವರದಿ ಮಾಡಿದರು. ಕಾಡುಪ್ರಾಣಿಗಳು ಮೇಯಲು ಸೇರುವುದು ಅಂಥ ಕಡೆ.

ಇದನ್ನೆಲ್ಲ ಅಳಿಸಿದ ಚಿತ್ರವನ್ನು ಲೋಕಪ್ರಿಯಗೊಳಿಸಿದವರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಬರ್ನ್‌ಹಾರ್ಡ್ ಗ್ರಿಜಿಮೆಕ್ ಪ್ರಮುಖರು. ಜೀಬ್ರಾ ಪಟ್ಟೆಯ ವಿಮಾನದಲ್ಲಿ ಮಗ ಮೈಕೆಲ್ ಜೊತೆ ಪ್ರಾಣಿಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ಅದೇ ವಿಮಾನ ಬಿದ್ದು ಮಗ ತೀರಿಕೊಂಡ. ಸೆರೆಂಗೆಟಿಯ ಬಗ್ಗೆ ಅವರು ತೆಗೆದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ರಾಷ್ಟ್ರೀಯ ಉದ್ಯಾನದಲ್ಲಿ ಅಲ್ಲಿನ ಮೂಲನಿವಾಸಿಗಳೂ ಇರಕೂಡದು ಎಂಬುದು ಗ್ರಿಜಿಮೆಕ್ ನಿಲುವು. ಬೇಟೆಯಿಂದ ಸೆರೆಂಗೆಟಿ ಉಳಿದದ್ದರಲ್ಲಿ ಅವರ ಋಣ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಅದೇ 1959ರಲ್ಲಿ ವಸಾಹತು ಆಡಳಿತ ಮಸಾಯಿಗಳನ್ನು ಉದ್ಯಾನದಿಂದ ಹೊರಡಿಸಿತು. ಪಕ್ಕದ ಗೊರೊಂಗೊರೊದಲ್ಲಿ ದನಗಳೊಂದಿಗೆ ಬದುಕಬಹುದೆಂದು ಮಾತು ಕೊಟ್ಟಿತು. 2022ರಿಂದ ಅಲ್ಲಿಂದಲೂ ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾ ಎಂಬ ಹಳ್ಳಿಗೆ ಅವರನ್ನು ಸಾಗಹಾಕುವ ಕೆಲಸ ನಡೆದಿದೆ. ಅದೇ ವರ್ಷ ಜೂನ್‌ನಲ್ಲಿ ಉತ್ತರದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ನೆಲಕ್ಕೆ ಪೊಲೀಸರು ಗಡಿಕಲ್ಲು ನೆಟ್ಟಾಗ ಘರ್ಷಣೆಯಾಯಿತು, ಗಾಯಗೊಂಡವರು ಕೆನ್ಯಾಕ್ಕೆ ಓಡಿದರು. ಲೊಲಿಯೊಂಡೊದಲ್ಲಿ 1990ರ ದಶಕದಿಂದ ಬೇಟೆಯ ಪರವಾನಗಿ ಇದ್ದದ್ದು ಎಮಿರೇಟ್ಸ್ ಮೂಲದ ಕಂಪನಿಗೆ. ದನ ಮೇಯಿಸಿದರೆ ಪ್ರಕೃತಿಗೆ ಧಕ್ಕೆ, ಕೋವಿ ಹಿಡಿದು ಬಂದರೆ ಆದಾಯ!

ತಾಂಜಾನಿಯಾ ಸರ್ಕಾರದ ಪರ ವಾದಿಸುವವರ ಬಳಿ ಗಟ್ಟಿಯಾದ ಒಂದು ಅಂಶವಿದೆ. 1959ರಲ್ಲಿ ಗೊರೊಂಗೊರೊದಲ್ಲಿ ಸುಮಾರು 8,000 ಜನರಿದ್ದರು, ಈಗ ಲಕ್ಷದ ಆಸುಪಾಸಿನಲ್ಲಿದ್ದಾರೆ, ಹುಲ್ಲು ಮಾತ್ರ ಅಷ್ಟೇ. ಒಪ್ಪೋಣ. ಆದರೆ ಆ ತಕ್ಕಡಿಗೆ ಕುಳಿಯ ಅಂಚಿನ ಲಾಡ್ಜುಗಳನ್ನೂ ಅವು ಎಳೆಯುವ ನೀರನ್ನೂ ಬೆಳಗಾದರೆ ಕುಳಿಗಿಳಿಯುವ ಜೀಪುಗಳ ಸಾಲನ್ನೂ ಯಾರೂ ಹಾಕುವುದಿಲ್ಲ.

ಕೆನ್ಯಾ ಬದಿಯಲ್ಲಿ ಬೇರೊಂದು ದಾರಿ ಹಿಡಿದಿದ್ದಾರೆ. ಮಾರಾ ಮೀಸಲಿನ ಹೊರಗೆ ಮಸಾಯಿ ಭೂಮಾಲೀಕರು ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ ಲಾಡ್ಜುಗಳಿಗೆ ಬಾಡಿಗೆಗೆ ಕೊಡುತ್ತಾರೆ. ಹಾಸಿಗೆಗಳ ಸಂಖ್ಯೆಗೆ ಮಿತಿ, ದನಗಳಿಗೆ ಸರದಿಯ ಮೇವು. ದುಡ್ಡು ನೇರ ಮನೆಗೆ ಬರುವುದರಿಂದ ಬೇಲಿ ಹಾಕುವ ಆತುರವೂ ಕಡಿಮೆ. ಆದರೆ ಪ್ರವಾಸೋದ್ಯಮವೇ ಕಾಡು ಕಾಯುತ್ತದೆ ಎನ್ನುವವರು ಇಲ್ಲೂ ತಡೆದು ನೋಡಬೇಕು. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಹಲವು ಕಡೆ ಬಾಡಿಗೆಯೂ ಕಡಿತವಾಯಿತು. ಹುಲ್ಲು ಆಗಲೂ ಬೆಳೆಯಿತು, ವಿಲ್ಡೆಬೀಸ್ಟ್‌ಗಳು ಆಗಲೂ ನದಿ ದಾಟಿದವು. ನೆಲದ ಒಡೆಯರಿಗೆ ಮಾತ್ರ ಮತ್ತೆ ದನಗಳೇ ಗತಿಯಾದವು.