ಕಿಟಕಿಯಿಂದ ಇಳಿದ ಹುಡುಗಿ

ಜಾರ್ಜೆಟ್ ಹೇಯರ್ 1940ರಲ್ಲಿ ಪ್ರಕಟಿಸಿದ ‘ದಿ ಕೊರಿಂಥಿಯನ್’ ಕಾದಂಬರಿಯನ್ನು ಓದಿದ ನಾವು ಕೆಲವರು ಜಯನಗರದ ಮನೆಯೊಂದರಲ್ಲಿ ಚರ್ಚಿಸಿದೆವು. ಕಥೆ ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನದು. ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳಲು ಪೆನ್ ಎಂಬ ಹುಡುಗಿ ಹುಡುಗನ ವೇಷದಲ್ಲಿ ಕಿಟಕಿಯಿಂದ ಇಳಿಯುತ್ತಾಳೆ. ಮುಂದೆ ವಜ್ರಹಾರದ ಕಳವು, ಕೊಲೆ, ಪ್ರೇಮ.

ಕೆಲವರಿಗೆ ಸಂಭಾಷಣೆಯ ಲವಲವಿಕೆ ಹಿಡಿಸಿತು; ಕೆಲವರಿಗೆ ಇದು ಬರೀ ಕಾಲಹರಣ. ನಮ್ಮನ್ನು ಕಾಡಿದ್ದು ಬೇರೆ. ಮನೆಯವರ ಒತ್ತಾಯದ ಮದುವೆಯ ಇಕ್ಕಟ್ಟು ನಾಯಕ ರಿಚರ್ಡ್‌ನಿಗೂ ಇದೆ. ಆದರೆ ಅವನು ಬಾಗಿಲು ತೆರೆದು ಹೊರನಡೆಯಬಲ್ಲ. ಅವಳಿಗೆ ಕಿಟಕಿಯೂ ಬೇಕು, ವೇಷವೂ ಬೇಕು.

ನಿಕಾಹ್‌ಗೆ ಮುನ್ನ ಹುಡುಗಿಯ ಒಪ್ಪಿಗೆ ಕೇಳುವ ಕ್ರಮ ನಮ್ಮಲ್ಲಿದೆ. ಎಷ್ಟು ಮನೆಗಳಲ್ಲಿ ‘ಒಲ್ಲೆ’ ಎಂಬ ಉತ್ತರಕ್ಕೂ ಜಾಗವಿರುತ್ತದೆ? ಪೆನ್‌ಳ ಮನೆಯಲ್ಲಿ ಆ ಜಾಗವಿದ್ದಿದ್ದರೆ ಈ ಕಾದಂಬರಿಯೇ ಇರುತ್ತಿರಲಿಲ್ಲ.