ಮಿಲಿಟರಿ ಮಾವನ ಪೆಟ್ಟಿಗೆಗಳು

ಈ ವಾರ ಮೇಣದ ಹುಳುವಿನ ಕಾಟದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಕ್ಕೆ ಹೋಗಲಿ. ಭಾಗಮಂಡಲದ ಆಸುಪಾಸಿನ ಹಳ್ಳಿಯೊಂದರಲ್ಲಿ ಜೇನು ಸಾಕಿಕೊಂಡಿದ್ದ ನಿವೃತ್ತ ಹವಾಲ್ದಾರರೊಬ್ಬರು ಹೋದ ತಿಂಗಳು ತೀರಿಕೊಂಡರು. ಪತ್ರಿಕೆಯಲ್ಲಿ ಹೆಸರು ಬರುವುದು ಅವರಿಗೆ ಬದುಕಿದ್ದಾಗಲೇ ಇಷ್ಟವಿರಲಿಲ್ಲ. ಊರಿನಲ್ಲಿ ಕೂಡ ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ದೊಡ್ಡವರಿಗೂ ಚಿಕ್ಕವರಿಗೂ ಅವರು ಮಿಲಿಟರಿ ಮಾವ.

ಜೇನು ಸಾಕುವವರು ಇಬ್ಬರು ಎದುರಾದರೆ ಮೊದಲ ಪ್ರಶ್ನೆ ಗೊತ್ತೇ ಇದೆ: ಈ ಸಲ ಎಷ್ಟು ತೆಗೆದಿರಿ? ಆ ಲೆಕ್ಕದಲ್ಲಿ ಮಾವ ಸಾಧಾರಣ ಕೃಷಿಕ. ಅವರಿಗಿಂತ ಎರಡು ಪಟ್ಟು ತುಪ್ಪ ತೆಗೆಯುವವರು ಅದೇ ಹೋಬಳಿಯಲ್ಲಿದ್ದಾರೆ. ಕೇಳಿದರೆ "ಮೊಮ್ಮಕ್ಕಳು ನೆಕ್ಕಿ ಉಳಿದದ್ದು" ಎಂದು ನಕ್ಕುಬಿಡುತ್ತಿದ್ದರು. ಅವರು ಲೆಕ್ಕ ಇಟ್ಟಿದ್ದು ಬೇರೆಯದಕ್ಕೆ. ಪಿಂಚಣಿ ಕಾಗದಗಳ ಜೊತೆ ಒಂದು ನೋಟ್‌ಬುಕ್ ಇರುತ್ತಿತ್ತು. ಯಾರಿಗೆ ಜೇನು ಕುಟುಂಬ ಕೊಟ್ಟೆ, ಯಾವ ತಾರೀಕು, ಎಷ್ಟು ಎರಿ, ರಾಣಿಗೆ ಎಷ್ಟು ವಯಸ್ಸು, ಇಷ್ಟೂ ಅದರಲ್ಲಿ ಬರೆದಿರುತ್ತಿತ್ತು. ಹಣದ ಕಾಲಂ ಇರಲಿಲ್ಲ. ನನ್ನ ಮಟ್ಟಿಗೆ ಜೇನು ಕೃಷಿಕನನ್ನು ಅಳೆಯಬೇಕಾದ್ದು ಆ ನೋಟ್‌ಬುಕ್ಕಿನ ಲೆಕ್ಕದಲ್ಲೇ.

ಅವರು ಸೈನ್ಯಕ್ಕೆ ಸೇರಿದ್ದು ಮೀಸೆ ಮೂಡುವ ವಯಸ್ಸಿನಲ್ಲಿ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ಗೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ಹೂತಿಟ್ಟ ನೆಲಬಾಂಬು ತೆಗೆಯುವುದು ಆ ಪಡೆಯ ಕೆಲಸ. 1971ರ ಡಿಸೆಂಬರ್‌ನಲ್ಲಿ ಶಕರಗಢ ಭಾಗದ ಬಸಂತರ್ ನದಿಯ ದಂಡೆಯಲ್ಲಿ ಯುದ್ಧ ನಡೆದಾಗ, ಪೂನಾ ಹಾರ್ಸ್‌ನ ಟ್ಯಾಂಕುಗಳು ದಾಟಲೆಂದು ನೆಲಬಾಂಬು ತುಂಬಿದ ಬಯಲಿನಲ್ಲಿ ದಾರಿ ಬಿಡಿಸಿದ್ದು ಮದ್ರಾಸ್ ಸ್ಯಾಪರ್ಸ್‌ನ 9ನೇ ಎಂಜಿನಿಯರ್ ರೆಜಿಮೆಂಟ್. ಆ ಟ್ಯಾಂಕು ಪಡೆಯ ಅರುಣ್ ಖೇತ್ರಪಾಲ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಬಂದದ್ದು ಇದೇ ಕಾಳಗದಲ್ಲಿ. ಟ್ಯಾಂಕಿನವರ ಕಥೆ ಪುಸ್ತಕಗಳಲ್ಲಿ ಬಂತು. ಅವರಿಗಿಂತ ಮುಂದೆ, ಕತ್ತಲಲ್ಲಿ, ಗುಂಡಿನ ನಡುವೆ ದಾರಿ ಮಾಡಿಕೊಟ್ಟವರನ್ನು ಸ್ಯಾಪರ್‌ಗಳ ಮನೆಗಳ ಆಚೆ ನೆನೆಯುವವರು ಕಡಿಮೆ. ಮಾವ ಆ ರೆಜಿಮೆಂಟಿನಲ್ಲಿದ್ದರು. ಕೇಳಿದರೆ "ಚಳಿ, ಮಾರಾಯ, ಏನು ಚಳಿ" ಎಂದು ಶುರು ಮಾಡಿ ಅಲ್ಲಿಗೇ ಮುಗಿಸುತ್ತಿದ್ದರು.

ನೆಲಬಾಂಬು ತೆಗೆದ ಕೈ, ಅದಕ್ಕೇ ಜೇನಿಗೆ ಹೆದರಲಿಲ್ಲ ಎಂದು ಸಂದರ್ಶನಕ್ಕೆ ಬಂದವರೊಬ್ಬರು ಅವರೆದುರಿಗೇ ಹೇಳಿದ್ದರು. ಮಾವ ಒಪ್ಪಲಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಾಂಬು ಹೇಳಿ ಸಿಡಿಯುವುದಿಲ್ಲ. ಜೇನು ಮೊದಲೇ ಹೇಳುತ್ತದೆ. ನಾವು ಕೇಳಿಸಿಕೊಳ್ಳಬೇಕು, ಅಷ್ಟೇ" ಅಂದರು. ಪೆಟ್ಟಿಗೆ ತೆರೆದಾಗ ಗುಂಯ್‌ಗುಡುವ ದನಿ ಬದಲಾಗುವುದನ್ನು ಕೇಳಿದವರಿಗೆ ಅವರು ಹೇಳಿದ್ದು ಅರ್ಥವಾಗುತ್ತದೆ.

ಜೇನು ಅವರಿಗೆ ಸೈನ್ಯದಿಂದ ಬಂದದ್ದೂ ಅಲ್ಲ, ಇಲಾಖೆಯ ತರಬೇತಿಯಿಂದ ಬಂದದ್ದೂ ಅಲ್ಲ. ಹೆಂಡತಿಯಿಂದ, ಅಂದರೆ ನಮ್ಮೆಲ್ಲರ ಅತ್ತೆಯಿಂದ ಬಂದದ್ದು. ಗಂಡ ಗಡಿಯಲ್ಲಿದ್ದ ವರ್ಷಗಳಲ್ಲಿ ಗದ್ದೆ, ದನ, ಮೂರು ಮಕ್ಕಳು, ಅತ್ತೆ ಮಾವಂದಿರು ಎಲ್ಲವನ್ನೂ ನೋಡಿಕೊಂಡ ಆಕೆ, ತವರಿನಲ್ಲಿ ಕಲಿತಂತೆ ಮನೆಯ ಹಿಂದಿನ ಗೋಡೆಗೆ ಮಣ್ಣಿನ ಮಡಕೆ ಕವುಚಿ ತುಡುವೆ ಜೇನು ಕೂರಿಸಿದ್ದರು. ರಜೆಗೆ ಬಂದಾಗ ಗಂಡನಿಗೆ ಮೊದಲ ಪಾಠ ಹೇಳಿದವರೂ ಅವರೇ. ಮಡಕೆಯಿಂದ ಪೆಟ್ಟಿಗೆಗೆ ಬಂದದ್ದು ಮಾವ ನಿವೃತ್ತರಾಗಿ ಬಂದ ಮೇಲೆ. ನ್ಯೂಟನ್ ಎಂಬ ಪಾದ್ರಿ ತಿರುಚಿನಾಪಳ್ಳಿಯಲ್ಲಿ ನಮ್ಮ ತುಡುವೆಯ ಅಳತೆಗೆಂದು ರೂಪಿಸಿದ ಏಳು ಚೌಕಟ್ಟಿನ ಪೆಟ್ಟಿಗೆಯನ್ನೇ ಅವರು ಕೊನೆಯವರೆಗೂ ಬಳಸಿದರು. ಮಡಕೆಯಲ್ಲಿ ಎರಿ ಕೊಯ್ದು ಹಿಂಡಿದರೆ ಮರಿಗಳೂ ಹೋಗುತ್ತವೆ. ಪೆಟ್ಟಿಗೆಯಲ್ಲಿ ಸಂಸಾರದ ಕೋಣೆ ಕೆಳಗೆ, ತುಪ್ಪದ ಕೋಣೆ ಮೇಲೆ. ಮೇಲಿನದನ್ನು ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು ಎರಿಯನ್ನು ಮತ್ತೆ ಅವುಗಳಿಗೇ ಕೊಡಬಹುದು. ಆದರೂ ಅತ್ತೆ ಒಂದು ಮಡಕೆಯನ್ನು ಬಿಡಲಿಲ್ಲ. ಅದರ ತುಪ್ಪವೇ ರುಚಿ ಎಂದು ಅವರ ವಾದ. ಎರಡನ್ನೂ ಚಪ್ಪರಿಸಿದ ನನ್ನ ತೀರ್ಪು ಅತ್ತೆಯ ಪರ. ಕಾರಣ ಮಡಕೆಯಲ್ಲ, ಅದನ್ನು ಅವರು ಅವಸರದಲ್ಲಿ ಕೊಯ್ಯುತ್ತಿರಲಿಲ್ಲ, ತುಪ್ಪ ಚೆನ್ನಾಗಿ ಬಲಿಯುತ್ತಿತ್ತು.

ಈಗ ಕುಟುಂಬ ಪಾಲು ಮಾಡುವ ವಿಷಯ. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಮಳೆ ಬಿಟ್ಟು ಹೂವು ಶುರುವಾದ ಮೇಲೆ ಪೆಟ್ಟಿಗೆ ತುಂಬಿ ತುಳುಕುತ್ತದೆ, ಗಂಡು ನೊಣಗಳು ಕಾಣಿಸಿಕೊಳ್ಳುತ್ತವೆ, ಎರಿಯ ಕೆಳಅಂಚಿನಲ್ಲಿ ಕಡಲೆಕಾಯಿಯಂತೆ ರಾಣಿಕೋಶ ಇಳಿಬೀಳುತ್ತದೆ. ಆಗ ನಾವು ಪಾಲು ಮಾಡದಿದ್ದರೆ ಅವೇ ಪಾಲಾಗಿ ಕಾಡು ಸೇರುತ್ತವೆ. ಪಾಲು ಮಾಡಿದಾಗ ಒಂದು ಅರ್ಧಕ್ಕೆ ಹಳೆಯ ರಾಣಿ, ಇನ್ನೊಂದಕ್ಕೆ ರಾಣಿಕೋಶ. ಹಳೆಯ ರಾಣಿ ಇರುವ ಅರ್ಧಕ್ಕೆ ಚಿಂತೆಯಿಲ್ಲ. ರಾಣಿ ಮೊಟ್ಟೆ ಇಡುವುದನ್ನು ಮುಂದುವರಿಸುತ್ತಾಳೆ. ಕೋಶ ಇರುವ ಅರ್ಧದ್ದು ಪೂರಾ ಜೂಜು. ರಾಣಿ ಹೊರಬರಬೇಕು, ಮಿಲನಕ್ಕೆ ಹಾರಬೇಕು, ದಾರಿಯಲ್ಲಿ ಕಳ್ಳಿಪೀರವೋ ಕಾಜಾಣವೋ ಹಿಡಿದು ನುಂಗದೆ ಮರಳಬೇಕು. ಮರಳದಿದ್ದರೆ ಆ ಕುಟುಂಬ ಮುಗಿದಂತೆ.

ಜೇನು ಹಂಚುವ ನಮ್ಮಲ್ಲಿ ಹೆಚ್ಚಿನವರು ಹಳೆಯ ರಾಣಿಯನ್ನು ತಾವು ಇಟ್ಟುಕೊಂಡು ಕೋಶದ ಅರ್ಧವನ್ನು ಕೊಡುತ್ತೇವೆ. ನಾನೂ ಹಾಗೆಯೇ. ಮಾವ ತಿರುವುಮುರುವು. ಮೊಟ್ಟೆ ಇಡುತ್ತಿರುವ ರಾಣಿ, ತುಂಬಿದ ನಾಲ್ಕು ಎರಿ ಬಂದವನಿಗೆ. ಕೋಶ, ಜೂಜು ತನಗೆ. ಅನುಭವವಿಲ್ಲದವನ ಕೈಯಲ್ಲಿ ಮೊದಲ ಕುಟುಂಬ ಸತ್ತರೆ ಅವನು ಮತ್ತೆ ಜೇನಿನ ಹತ್ತಿರ ಬರುವುದಿಲ್ಲ, ನನ್ನದು ಹೋದರೆ ಇನ್ನೊಂದು ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದರು. ಅವರ ದೊಡ್ಡ ಮನಸ್ಸಿನ ಬಗ್ಗೆ ಊರಿನಲ್ಲಿ ಹತ್ತಾರು ಮಾತು ಕೇಳಬಹುದು. ನನಗೆ ಈ ಒಂದು ಸಾಕು.

ಕೊಟ್ಟ ಮೇಲೂ ಬಿಡುತ್ತಿರಲಿಲ್ಲ. ಹೊರಗೆ ಹೋದ ನೊಣವೆಲ್ಲ ಮರಳಿದ ಮೇಲೆ, ಕತ್ತಲಾದಾಗ ಬಾಗಿಲಿಗೆ ಹುಲ್ಲು ತುರುಕಿ ಪೆಟ್ಟಿಗೆ ಕಟ್ಟಿ, ತಾವೇ ಜೀಪಿನ ಹಿಂದೆ ಕೂತು ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದರು. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಟ್ಟು, ಹತ್ತು ದಿನ ಕಳೆದು ಮತ್ತೆ ಬಂದು ನೋಡಿ ಹೋಗುತ್ತಿದ್ದರು.

1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂತು. ವೈರಸ್ ರೋಗ, ಔಷಧಿ ಇಲ್ಲ. ಮರಿಹುಳು ಕೋಶದಲ್ಲೇ ತಲೆಯೆತ್ತಿ ಸಾಯುತ್ತದೆ, ಹಿಡಿದೆತ್ತಿದರೆ ನೀರು ತುಂಬಿದ ಚೀಲ. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅದರಲ್ಲೇ ಹೋದವು. ವಿರಾಜಪೇಟೆಯ ಜೇನು ಸಹಕಾರ ಸಂಘದ ಮೂಲಕ ದೇಶಕ್ಕೆಲ್ಲ ತುಪ್ಪ ಕಳಿಸುತ್ತಿದ್ದ ಕೊಡಗಿನಲ್ಲಿ ಖಾಲಿ ಪೆಟ್ಟಿಗೆಗಳು ಕೋಳಿಗೂಡಾದವು. ಮಾವ ತಮ್ಮ ಚೌಕಟ್ಟುಗಳನ್ನೆಲ್ಲ ಅಂಗಳದಲ್ಲಿ ಸುಟ್ಟರು, ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ ಅವರವರ ಚೌಕಟ್ಟನ್ನೂ ಸುಡಿಸಿದರು. ಕೆಲವರು ಬೈದರು. ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಇಟ್ಟರೆ ರೋಗವೂ ಜೊತೆಗೆ ಹೋಗುತ್ತದೆ ಎಂಬುದು ಮಾವನಿಗೆ ಬೇಗ ಹೊಳೆದಿತ್ತು. ಆಮೇಲೆ ವರ್ಷಗಟ್ಟಲೆ ಒಳಗೆ ಮೇಣ ಸವರಿದ ಖಾಲಿ ಪೆಟ್ಟಿಗೆಗಳನ್ನು ಕಾಡಿನಂಚಿನಲ್ಲಿಟ್ಟು ಕಾದರು. ರೋಗ ತಡೆದುಕೊಂಡು ಉಳಿದ ಕಾಡಿನ ಕುಟುಂಬಗಳು ನಿಧಾನಕ್ಕೆ ಬಂದು ಕೂತವು. ಹಾಗೆ ಬಂದ ಮೊದಲನೆಯದನ್ನು ಪಾಲು ಮಾಡಿ ಯಾರಿಗೋ ಕೊಟ್ಟರೆಂದು ಅತ್ತೆ ವಾರವಿಡೀ ಮಾತು ಬಿಟ್ಟಿದ್ದರಂತೆ. ಅವರ ಸಿಟ್ಟು ನ್ಯಾಯವಾದದ್ದೇ.

ಮಾವನ ಈ ಧಾರಾಳತನಕ್ಕೆ ಒಂದು ಲೆಕ್ಕಾಚಾರವೂ ಇತ್ತೆಂದು ನನ್ನ ಗುಮಾನಿ. ಸುತ್ತಲಿನದೆಲ್ಲ ರೋಬಸ್ಟಾ ತೋಟ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿಯೋ ಜೇನೋ ತರಬೇಕು. ಬೇಸಿಗೆಯ ಹೂಮಳೆ ಬಿದ್ದು ವಾರ ಕಳೆದರೆ ಇಡೀ ಬೆಟ್ಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಆ ಎರಡು ದಿನಕ್ಕೆ ಊರಲ್ಲಿ ಜೇನು ಇರಬೇಕು. ನೆರೆಯವನ ಪೆಟ್ಟಿಗೆಯ ನೊಣ ಮಾವನ ತೋಟಕ್ಕೂ ಬರುತ್ತದಲ್ಲ! ಹೀಗೆಂದು ಕೆಣಕಿದರೆ "ಅದೂ ಇದೆ ಅನ್ನು" ಎನ್ನುತ್ತಿದ್ದರು.

ಉಳಿದದ್ದು ಊರಿಗೆಲ್ಲ ಗೊತ್ತು. ಪ್ರತಿ ನವೆಂಬರಿನಲ್ಲಿ ಸೈನಿಕರ ವಿಧವೆಯರ ಜೀವಿತ ಪ್ರಮಾಣಪತ್ರ ಮಾಡಿಸಲು ಮಡಿಕೇರಿಗೆ ಜೀಪು ಹೊರಡಿಸುತ್ತಿದ್ದರು. ಕ್ಯಾಂಟೀನಿನ ರಮ್ಮು ಅವರ ಪಾಲಿಗೆ ಬಂದಷ್ಟೂ ಗದ್ದೆ ಕೊಯ್ಲಿನವರಿಗೆ ಹೋಗುತ್ತಿತ್ತು.

ತಪ್ಪುಗಳೂ ಇದ್ದವು. ಕೇಳಿದವರಿಗೆಲ್ಲ ಕೊಟ್ಟರು. ಮಳೆಗಾಲದಲ್ಲಿ ಸಕ್ಕರೆ ಪಾಕ ಇಡುವಷ್ಟು ತಾಳ್ಮೆಯಿಲ್ಲದವರಿಗೆ, ಪೆಟ್ಟಿಗೆಯನ್ನು ಹೋಂಸ್ಟೇ ಅತಿಥಿಗಳಿಗೆ ತೋರಿಸಲು ಬೇಕಾದವರಿಗೆ ಕೂಡ. ಅವರು ಹಂಚಿದ್ದರಲ್ಲಿ ಎಷ್ಟೋ ಕುಟುಂಬಗಳು ಮೊದಲ ಮುಂಗಾರು ದಾಟಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಹಸಿದ ತುಡುವೆ ಪೆಟ್ಟಿಗೆ ಬಿಟ್ಟು ಹೋಗುವುದು ಮಾವನಿಗೆ ಗೊತ್ತಿಲ್ಲದ್ದಲ್ಲ. ಪಡೆಯುವವರನ್ನು ಸ್ವಲ್ಪ ಪರೀಕ್ಷಿಸಿ ಎಂದು ನಾನು ಜಗಳವಾಡಿದ್ದೇನೆ. ಈಗಲೂ ನನ್ನ ಮಾತೇ ಸರಿ ಎನ್ನುತ್ತೇನೆ.

ಅವರ ಮನೆಯಲ್ಲಿ ಈಗ ಪೆಟ್ಟಿಗೆ ನೋಡಿಕೊಳ್ಳುತ್ತಿರುವುದು ಎರಡನೆಯ ಮಗಳು. ನೋಟ್‌ಬುಕ್ಕೂ ಅವರ ಬಳಿ ಇದೆ. ಅದರಲ್ಲಿ ಹೆಸರಿರುವವರು ಕೊಡಗಿನಲ್ಲೂ ಘಟ್ಟದ ಕೆಳಗಿನ ಸುಳ್ಯದಲ್ಲೂ ಈ ಅಂಕಣ ಓದುತ್ತೀರೆಂದು ನನಗೆ ಗೊತ್ತು. ಇದು ಪಾಲು ಮಾಡುವ ಕಾಲ. ನಿಮ್ಮ ಪೆಟ್ಟಿಗೆ ತುಂಬಿದ್ದರೆ ಈ ಸಲ ಒಂದು ಕುಟುಂಬವನ್ನು ಪಕ್ಕದ ಮನೆಗೆ ಕೊಡಿ, ದುಡ್ಡು ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಪಾಕ ಇಡುತ್ತೇನೆಂದು ಮಾತು ಕೊಟ್ಟವರಿಗೆ ಮಾತ್ರ ಕೊಡಿ. ಮತ್ತೆ, ಹಳೆಯ ರಾಣಿ ಇರುವ ಅರ್ಧವನ್ನೇ ಕೊಡಿ.