ಕೋಶಸಂವರ್ಧನದ ಸಾಕ್ಷ್ಯ: ಒಂದು ವಿಮರ್ಶೆ

ಕೊರೋನಾ ವೈರಸ್ಸಿನ ರೂಪಾಂತರಗಳು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಹೇಗೆ ವೃದ್ಧಿಹೊಂದುತ್ತವೆಂಬುದನ್ನು ತುಲನೆಮಾಡಿದ ಸಂಶೋಧನೆಗಳು ಈಚಿನ ವರ್ಷಗಳಲ್ಲಿ ಹೇರಳವಾಗಿ ಪ್ರಕಟವಾಗಿವೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಜೀವವಿಜ್ಞಾನದಲ್ಲಿ ಅಧಿಕಾರವುಳ್ಳವರಲ್ಲ. ಆದರೆ ಸಾಕ್ಷ್ಯವನ್ನು ತೂಗುವುದು ನಮ್ಮ ಕಸುಬು. ಆ ದೃಷ್ಟಿಯಿಂದ ಈ ಸಂಶೋಧನೆಗಳನ್ನೂ ಅವುಗಳಿಂದ ಹೊರಗಿನವರು ಎಳೆದ ತೀರ್ಮಾನಗಳನ್ನೂ ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲು, ಸಾಕ್ಷಿ ಯಾರೆಂದು ಕೇಳಬೇಕು. ಬಹುವಾಗಿ ಬಳಕೆಯಲ್ಲಿರುವ ವೀರೋ ಕೋಶಗಳನ್ನು 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾನಿಲಯದಲ್ಲಿ ಆಫ್ರಿಕದ ಹಸುರು ಕೋತಿಯ ಮೂತ್ರಪಿಂಡದಿಂದ ಪಡೆಯಲಾಯಿತು. ವೈರಸ್ಸನ್ನು ತಡೆಯುವ ಮೊದಲ ವರ್ಗದ ಇಂಟರ್‌ಫೆರಾನನ್ನು ಅವು ತಯಾರಿಸಲಾರವು. ಮನುಷ್ಯನ ಶ್ವಾಸಮಾರ್ಗದಲ್ಲಿ ವೈರಸ್ಸಿಗೆ ಬಾಗಿಲು ತೆರೆಯುವ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವವೂ ಅವುಗಳಲ್ಲಿ ಅತ್ಯಲ್ಪ. ಇಷ್ಟಲ್ಲದೆ, ಈ ಕೋಶಗಳಲ್ಲಿ ಮೇಲಿಂದಮೇಲೆ ಬೆಳೆಸಿದ ವೈರಸ್ಸು ತನ್ನ ಮುಳ್ಳಿನ ಪ್ರೋಟೀನಿನ ಫ್ಯೂರಿನ್ ಸೀಳುಸ್ಥಾನವನ್ನು ಕಳೆದುಕೊಳ್ಳುವುದುಂಟು. ಓಲೆಯಿಂದ ಓಲೆಗೆ ಪ್ರತಿಮಾಡುವಾಗ ಲಿಪಿಕಾರನ ಕೈಯಲ್ಲಿ ಮೂಲಪಾಠ ಕೆಡುವಂತೆ ಇಲ್ಲಿಯೂ ಕೆಡುತ್ತದೆ.

ಒಂದೇ ಸಾಕ್ಷಿಯನ್ನು ನಂಬಿದುದರ ಫಲವನ್ನು 2020ರಲ್ಲಿ ಕಂಡೆವು. ಕ್ಲೋರೋಕ್ವಿನ್ ವೀರೋ ಕೋಶಗಳಲ್ಲಿ ವೈರಸ್ಸನ್ನು ತಡೆಯಿತು. ಆ ವರ್ಷದ ಮಾರ್ಚಿನಲ್ಲಿ ನಮ್ಮ ದೇಶದ ಆರೋಗ್ಯ ಕಾರ್ಯಕರ್ತರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸೂಚಿತವಾದಾಗ, ಪ್ರಯೋಗಶಾಲೆಯ ಫಲಿತಾಂಶವೂ ಒಂದು ಆಧಾರವಾಗಿತ್ತು. ಅದೇ ವರ್ಷ ಜರ್ಮನಿಯ ಸಂಶೋಧಕರು ಮನುಷ್ಯ ಶ್ವಾಸಕೋಶದ ಕ್ಯಾಲು-3 ಕೋಶಗಳಲ್ಲಿ ಕ್ಲೋರೋಕ್ವಿನ್ ನಿಷ್ಫಲವೆಂದು ತೋರಿಸಿದರು. ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿಯೂ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆಯ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ.

2021ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದ ಮೈಕೆಲ್ ಚಾನ್ ಮತ್ತವರ ಸಂಗಡಿಗರು ತಿಳಿಸಿದ ಫಲಿತಾಂಶ ಇದಕ್ಕಿಂತ ಮೇಲುದರ್ಜೆಯದು. ಏಕೆಂದರೆ ಅವರು ಬಳಸಿದುದು ಮನುಷ್ಯರದೇ ಅಂಗಾಂಶ. ಸೋಂಕಿನ 24 ಗಂಟೆಗಳ ತರುವಾಯ ಶ್ವಾಸನಾಳದಲ್ಲಿ ಓಮಿಕ್ರಾನ್ ಡೆಲ್ಟಾಕ್ಕಿಂತ ಸುಮಾರು 70 ಪಟ್ಟು ಹೆಚ್ಚಿತ್ತು; ಶ್ವಾಸಕೋಶದಲ್ಲಾದರೋ ಮೂಲ ವೈರಸ್ಸಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಿತ್ತು. ಟಿಎಂಪಿಆರ್‌ಎಸ್‌ಎಸ್2 ಇರುವ ಕೋಶಗಳಲ್ಲಿ ಓಮಿಕ್ರಾನ್ ಹಿಂದುಳಿಯುತ್ತದೆಂದು ಕೇಂಬ್ರಿಜ್ಜಿನ ರವೀಂದ್ರ ಗುಪ್ತ ಅವರ ತಂಡವೂ ಕಂಡಿತು. ಸ್ವತಂತ್ರರಾದ ಇಬ್ಬರು ಸಾಕ್ಷಿಗಳ ಮಾತು ಹೊಂದಿಕೆಯಾದುದರಿಂದ ಈ ನಿರ್ಣಯ ಗೌರವಾರ್ಹವಾದುದೇ.

ಆದರೆ ಇದರಿಂದ ಓಮಿಕ್ರಾನ್ ಸೌಮ್ಯವೆಂದು ಜನ ಸಾರಿದುದು ಸಾಕ್ಷಿ ನುಡಿಯದ ಮಾತು. ರೋಗದ ತೀವ್ರತೆ ವೈರಸ್ಸಿನ ವೃದ್ಧಿಯೊಂದರಿಂದಲೇ ನಿರ್ಧಾರವಾಗುವುದಿಲ್ಲವೆಂದೂ, ಹೆಚ್ಚು ಜನಕ್ಕೆ ತಗುಲುವ ಸೋಂಕು ಹೆಚ್ಚು ಸಾವನ್ನು ತರಬಲ್ಲದೆಂದೂ ಚಾನ್ ಅವರೇ ಎಚ್ಚರಿಸಿದ್ದರು. 2022ರ ಮೊದಲ ತಿಂಗಳುಗಳಲ್ಲಿ ಅದೇ ಹಾಂಗ್‌ಕಾಂಗಿನಲ್ಲಿ ಓಮಿಕ್ರಾನ್ ಅಲೆಗೆ 9,000ಕ್ಕೂ ಹೆಚ್ಚು ಮಂದಿ ಬಲಿಯಾದರು. ಅವರಲ್ಲಿ ಬಹುಪಾಲು ವೃದ್ಧರು, ಅನೇಕರು ಲಸಿಕೆ ಪಡೆಯದವರು. ಅಂಗಾಂಶದ ತುಣುಕಿಗೆ ವಯಸ್ಸಿಲ್ಲ, ನೆರೆಹೊರೆಯಿಲ್ಲ. ನಗರಕ್ಕೆ ಅವೆರಡೂ ಉಂಟು.

ಈ ಪ್ರಯೋಗಗಳು ವ್ಯರ್ಥವೆಂಬುದು ನಮ್ಮ ಅಭಿಪ್ರಾಯವಲ್ಲ. ವೈರಸ್ಸು ಯಾವ ಬಾಗಿಲಿಂದ ಹೊಗುತ್ತದೆಂಬುದನ್ನು ಅವುಗಳಿಂದಲೇ ಅರಿತೆವು. ಯಾವ ಕೋಶ, ಎಷ್ಟು ವೈರಸ್ಸು, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅವುಗಳ ಅಂಕಿಗಳನ್ನು ಉಲ್ಲೇಖಿಸಬಾರದೆಂಬುದಷ್ಟೇ ನಮ್ಮ ವಾದ. ಪ್ರಶಸ್ತಿಶಾಸನವನ್ನು ಓದುವಾಗ ನಾವು ವಹಿಸುವ ಎಚ್ಚರವನ್ನು ಪ್ರಯೋಗಶಾಲೆಯ ವರದಿಯನ್ನು ಓದುವಾಗಲೂ ವಹಿಸುವುದು ಯುಕ್ತ.